ಹೋರ್ ಸಾಹೇಬರ ಮೂಗು

1935ರಲ್ಲಿ ಯುರೋಪಿನಲ್ಲಿ ಯಾರು ಯಾರ ಕಡೆ ಅಂತ ತಿಳಿಯಲು ಬೆಳಗಿನ ಪೇಪರ್ ಸಾಲುತ್ತಿರಲಿಲ್ಲ. ಸಂಜೆಯದ್ದೂ ಬೇಕಿತ್ತು.

ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಮೂರೂ ಇಟಲಿಯ ಸ್ಟ್ರೆಸಾ ಎಂಬ ಊರಲ್ಲಿ ಸೇರಿದವು. ಸರೋವರದ ನಡುವೆ ದ್ವೀಪ, ದ್ವೀಪದಲ್ಲಿ ಅರಮನೆ. ಹಿಟ್ಲರ್ ಬಾಲ ಬಿಚ್ಚಿದರೆ ಒಟ್ಟಾಗಿ ನೋಡಿಕೊಳ್ತೇವೆ ಅಂತ ಘೋಷಣೆ. 'ಶಾಂತಿ' ಅಂದರೆ ಸಾಲದು, 'ಯುರೋಪಿನ ಶಾಂತಿ' ಅನ್ನೋಣ ಎಂದ ಇಟಲಿಯ ಸರ್ವಾಧಿಕಾರಿ ಮುಸೊಲಿನಿ. ಹಾಗಾದರೆ ಆಫ್ರಿಕಾದ ಶಾಂತಿ ಲೆಕ್ಕಕ್ಕಿಲ್ಲ, ಅಲ್ವಾ? ಅವನ ಕಣ್ಣು ಇಥಿಯೋಪಿಯಾದ ಮೇಲಿತ್ತು. ಅದು ಗೊತ್ತಿದ್ದೂ ಬ್ರಿಟನ್ನಿನವರು ಸುಮ್ನೆ ಕೂತರು.

ಮೇ ತಿಂಗಳಲ್ಲಿ ಫ್ರಾನ್ಸ್ ಸ್ಟಾಲಿನ್ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಇರಲಿ ಅಂತ.

ಜೂನ್‌ನಲ್ಲಿ ಸರ್ ಸ್ಯಾಮ್ಯುಯೆಲ್ ಹೋರ್ ಬ್ರಿಟನ್ನಿನ ವಿದೇಶಾಂಗ ಸಚಿವರಾದರು. ಅಲ್ಲಿವರೆಗೆ ಲಂಡನ್ನಿನಲ್ಲಿ ಕೂತು ನಮ್ಮ ದೇಶದ ಖಾತೆ ನೋಡಿಕೊಳ್ಳುತ್ತಿದ್ದವರು ಇವರೇ. ಕುರ್ಚಿ ಬೆಚ್ಚಗಾಗುವ ಮೊದಲೇ, 18ನೇ ತಾರೀಕು, ಹಿಟ್ಲರನ ದೂತ ರಿಬ್ಬೆನ್‌ಟ್ರಾಪ್ ಜೊತೆ ವ್ಯವಹಾರ ಕುದುರಿಸಿದರು. ಬ್ರಿಟನ್ನಿನ ನೌಕಾಪಡೆಯ 35%ರಷ್ಟು ಹಡಗು ಜರ್ಮನಿಯೂ ಕಟ್ಟಬಹುದು! ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಸೈನ್ಯಕ್ಕೆ ಮಿತಿ ಹಾಕಿದ್ದ ವರ್ಸೇಲ್ಸ್ ಒಪ್ಪಂದ ಮುರಿದಿರಿ ಅಂತ ಏಪ್ರಿಲ್‌ನಲ್ಲಿ ಜರ್ಮನಿಗೆ ಬೈದವರು ಜೂನ್‌ನಲ್ಲಿ ಸುತ್ತಿಗೆ ತಂದುಕೊಟ್ಟರು. ಫ್ರಾನ್ಸಿನ ಒಪ್ಪಿಗೆ ಯಾರಿಗೆ ಬೇಕು? ಬ್ರಿಟಿಷರೂ ಜರ್ಮನ್ನರೂ ಸೇರಿ ಫ್ರಾನ್ಸಿನ ನೆಪೋಲಿಯನ್ನನನ್ನು ಸೋಲಿಸಿದ ವಾಟರ್ಲೂ ಕದನಕ್ಕೆ ಅವತ್ತು ಸರಿಯಾಗಿ 120 ವರ್ಷ. ಇಂಥ ಮುಹೂರ್ತ ನಮ್ಮ ಜೋಯಿಸರಿಗೂ ಸಿಗಲಿಕ್ಕಿಲ್ಲ.

ಸೆಪ್ಟೆಂಬರ್‌ನಲ್ಲಿ ಇದೇ ಹೋರ್ ಜಿನೀವಾದ ರಾಷ್ಟ್ರಸಂಘದಲ್ಲಿ (ಇಂದಿನ ವಿಶ್ವಸಂಸ್ಥೆಯ ಹಿಂದಿನ ರೂಪ) ಎದ್ದು ನಿಂತು, ಯಾರ ಮೇಲೆ ಯಾರು ದಾಳಿ ಮಾಡಿದರೂ ಒಗ್ಗಟ್ಟಾಗಿ ತಡೆಯೋಣ ಎಂದರು. ಭಾರೀ ಮೆಚ್ಚುಗೆ ಸಿಕ್ಕಿತು. ಅಕ್ಟೋಬರ್ 3ಕ್ಕೆ ಮುಸೊಲಿನಿ ಇಥಿಯೋಪಿಯಾಕ್ಕೆ ನುಗ್ಗಿದ. ಇಟಲಿಯ ಮೇಲೆ ರಾಷ್ಟ್ರಸಂಘದ ವ್ಯಾಪಾರ ನಿರ್ಬಂಧ ಬಂತು, ಎಣ್ಣೆಯ ಮೇಲೆ ಬರಲಿಲ್ಲ. ಸೂಯೆಜ್ ಕಾಲುವೆಯೂ ತೆರೆದೇ ಇತ್ತು. ಇಟಲಿಯ ಸೈನಿಕರನ್ನು ಹೊತ್ತ ಹಡಗುಗಳು ಸುಂಕ ಕಟ್ಟಿ, ಮರ್ಯಾದೆಯಿಂದ ದಾಟಿ ಹೋದವು.

ಡಿಸೆಂಬರ್‌ನಲ್ಲಿ ಸಾಹೇಬರು ಮಂಜಿನ ಮೇಲೆ ಸ್ಕೇಟಿಂಗ್ ಮಾಡಲು ಸ್ವಿಟ್ಜರ್ಲೆಂಡಿಗೆ ಹೊರಟರು. ದಾರಿಯಲ್ಲಿ ಪ್ಯಾರಿಸ್ ಸಿಕ್ಕಿತಲ್ಲ, ಇಳಿದು ಫ್ರಾನ್ಸಿನ ಪ್ರಧಾನಿ ಲವಾಲ್ ಜೊತೆ ಇಥಿಯೋಪಿಯಾವನ್ನು ಕಾಗದದ ಮೇಲೆ ಗುಟ್ಟಾಗಿ ಪಾಲು ಮಾಡಿದರು. ದೊಡ್ಡ ತುಂಡು ಇಟಲಿಗೆ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಗೆ ಸಮುದ್ರ ಮುಟ್ಟಲು ಒಂದು ಓಣಿ. ಒಂಟೆಗಳ ಓಣಿ ಅಂತ ಲಂಡನ್ನಿನ ಪತ್ರಿಕೆಯೇ ಗೇಲಿ ಮಾಡಿತು.

ಗುಟ್ಟು ಮರುದಿನವೇ ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಬಂತು. ಬ್ರಿಟನ್ನಿನ ಜನ ರೊಚ್ಚಿಗೆದ್ದರು. ಅತ್ತ ಸ್ವಿಟ್ಜರ್ಲೆಂಡಿನಲ್ಲಿ ಹೋರ್ ಮಂಜಿನ ಮೇಲೆ ಬಿದ್ದು ಮೂಗು ಮುರಿದುಕೊಂಡಿದ್ದರು. ರಾಜೀನಾಮೆ ಕೊಟ್ಟು, ಮೂಗಿಗೆ ಪಟ್ಟಿ ಹಾಕಿಕೊಂಡೇ ಪಾರ್ಲಿಮೆಂಟಿನಲ್ಲಿ ಭಾಷಣ ಮಾಡಿದರು.

ಜಾಸ್ತಿ ದಿನ ಮನೆಯಲ್ಲಿ ಕೂರಲಿಲ್ಲ. 1936ರ ಜೂನ್‌ಗೆ ಮತ್ತೆ ಮಂತ್ರಿ. ಈ ಸಲ ನೌಕಾಪಡೆ ಖಾತೆ. 35%ರ ಲೆಕ್ಕ ಗೊತ್ತಿದ್ದವರು ಒಬ್ಬರು ಬೇಕಿತ್ತಲ್ಲ.