ಹೇಂಟೆ ಸಾಕಬೇಕಂತೆ!

ಈ ಇನ್ವರ್ಟರ್ ಎಂಟು ಗಂಟೆ ಬರ್ತದೆ ಅಂದದ್ದು ಯಾರು? ಅದನ್ನು ಮಾರಿದ ಅಂಗಡಿಯ ಆ ಜನವೇ ಅಲ್ವಾ? ರಾತ್ರಿ ಕರೆಂಟು ಹೋಗಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಕೀಂ ಕೀಂ ಅಂತ ಕೂಗಿ ಸತ್ತಿತು. ಮರಿ ಮಾಡುವ ಮೆಷಿನ್ನಿನಲ್ಲಿ ಕಾವಿನ ಹತ್ತೊಂಬತ್ತನೇ ದಿನ, 96 ಮೊಟ್ಟೆ, ಹೊರಗೆ ಆಟಿ ತಿಂಗಳ ಮಳೆ. ಕರೆಂಟು ಬಂದದ್ದು ಬೆಳಿಗ್ಗೆ ಆರಕ್ಕೆ.

ಇವತ್ತು ಹೋಗಿ ಬಿಲ್ಲು ಕೌಂಟರಿನ ಮೇಲೆ ಇಟ್ಟೆ. ಬಿಲ್ಲಿನ ಕಡೆ ನೋಡಲೇ ಇಲ್ಲ. "ಎಂತ ಓಡಿಸಿದ್ರಿ ಅದರಲ್ಲಿ?" "ಮೊಟ್ಟೆಯ ಮೆಷಿನ್." ಅಷ್ಟು ಹೇಳಿದ್ದೇ ತಪ್ಪಾಯ್ತು. "ಮೊಟ್ಟೆಗೆ ಇನ್ವರ್ಟರಾ! ಒಂದು ಹೇಂಟೆ ಸಾಕಿ ಮಾರಾಯ್ರೇ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ." ಮಿಕ್ಸಿ ರಿಪೇರಿಗೆ ಬಂದವರೆಲ್ಲ ನಕ್ಕರು. ಚಾಯ ಕುಡಿಯುತ್ತಿದ್ದ ಒಬ್ಬನಿಗೆ ಚಾಯ ಮೂಗಿಗೆ ಹತ್ತಿತು, ಕೆಮ್ಮಿ ಕೆಮ್ಮಿ ನಕ್ಕ. ನಾನೂ ನಕ್ಕೆ. ಅದೇ ಈಗ ಗಂಟಲಲ್ಲಿ ಸಿಕ್ಕಿಕೊಂಡದ್ದು. ನಾನ್ಯಾಕೆ ನಕ್ಕೆ? ಹೇಂಟೆ ಹತ್ತು-ಹನ್ನೆರಡು ಮೊಟ್ಟೆಗೆ ಕೂರ್ತದೆ, 96ಕ್ಕೆ ಎಂಟು ಹೇಂಟೆ ಬೇಕು, ಎಂಟೂ ಒಂದೇ ದಿನ ಕಾವಿಗೆ ಬರಬೇಕು, ಅದನ್ನು ನೀನು ಮಾಡಿಸಿ ಕೊಡ್ತೀಯಾ ಅಂತ ಕೇಳಬೇಕಿತ್ತು. ಬಸ್ಸು ಹತ್ತಿದ ಮೇಲೆ ನೆನಪಾಯ್ತು. ಯಾವಾಗಲೂ ಹಾಗೆಯೇ.

ಮಾರುವ ದಿನ ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: ಎಷ್ಟು ವಾಟ್? ಕೇಳಲಿಲ್ಲ. "150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ತಗೊಳ್ಳಿ, ಎಂಟು ಗಂಟೆ ಧೈರ್ಯದಲ್ಲಿ ಇರಿ." ಯಾವುದಕ್ಕೆ ಎಂಟು ಗಂಟೆ? ಮೊದಲು ತೋರಿಸಿದ್ದಂತೂ ಕಂಪ್ಯೂಟರಿನ 600 ವಿಎ ಯುಪಿಎಸ್. ಅದರೊಳಗೆ ಇರುವುದು 12 ವೋಲ್ಟಿನ 7 ಎಎಚ್ ಬ್ಯಾಟರಿ, ಕಾಗದದಲ್ಲೇ 84 ವಾಟ್-ಅವರ್. 600 ಅಂದರೆ ಒಮ್ಮೆಗೆ ಎಷ್ಟು ಭಾರ ಹೊರ್ತದೆ ಅಂತ, ಎಷ್ಟು ಹೊತ್ತು ಅಂತ ಅಲ್ಲ.

ಲೆಕ್ಕ ಕಷ್ಟವೇನಲ್ಲ. ಹೀಟರ್ 150 ವಾಟ್. 37.5 ಡಿಗ್ರಿ ಹಿಡಿದಿಡಲಿಕ್ಕೆ ಮಳೆಯ ರಾತ್ರಿಯಲ್ಲಿ ಅರ್ಧ ಹೊತ್ತು ಉರೀತದೆ ಅಂದರೆ ಸರಾಸರಿ 75. ಫ್ಯಾನು, ಕಂಟ್ರೋಲರ್ ಸೇರಿ 25. ಇನ್ವರ್ಟರ್ ತಾನು ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಎಳೆಯುವುದು 140. 12 ವೋಲ್ಟ್ 150 ಎಎಚ್ ಅಂದರೆ 1800 ವಾಟ್-ಅವರ್, ಆದರೆ ಬ್ಯಾಟರಿಯ ಆಯುಸ್ಸು ಕೆಡದ ಹಾಗೆ ತೆಗೆಯಬಹುದಾದದ್ದು ಸಾವಿರ ಅನ್ನಿ. ಏಳು ಗಂಟೆ. ಹಾಗಾದರೆ ಆ ಜನ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದೇ ನೋಡಿ ಇನ್ನೂ ಸಿಟ್ಟು ಬರುವುದು.

ಯಾಕೆಂದರೆ ಅವರ ಹುಡುಗ ಇನ್ವರ್ಟರನ್ನು ಮನೆಯ ಲೈನಿಗೆ ಕೊಟ್ಟು ಹೋದ. ಎರಡು ಸೀಲಿಂಗ್ ಫ್ಯಾನು 150, ಲೈಟು 20, ಮತ್ತೆ ಫ್ರಿಜ್ಜು. ಮೊಟ್ಟೆಯ ಮೆಷಿನ್ ಸಹಿತ ಎಲ್ಲ ಸೇರಿ ಬ್ಯಾಟರಿಯಿಂದ 450 ವಾಟಿನ ಹತ್ತಿರ, 38 ಆಂಪಿಯರ್. 150 ಎಎಚ್ ಅಂತ ಬರೆದಿರುವುದು ಇಪ್ಪತ್ತು ಗಂಟೆಯಲ್ಲಿ ನಿಧಾನ 7.5 ಆಂಪಿಯರ್ ಎಳೆದರೆ ಮಾತ್ರ. ಐದು ಪಾಲು ಎಳೆದರೆ ಅಷ್ಟು ಕೊಡುವುದೇ ಇಲ್ಲ. ಅದರ ಮೇಲೆ ಮಧ್ಯಾಹ್ನವೂ ಕರೆಂಟು ಹೋಗಿತ್ತು. ಖಾಲಿ ಬ್ಯಾಟರಿ ತುಂಬಲಿಕ್ಕೆ ಹತ್ತು-ಹನ್ನೆರಡು ಗಂಟೆ ಬೇಕು.

ಫ್ರಿಜ್ಜಿನ ಪ್ಲಗ್ ತೆಗೆಯದೆ ಮಲಗಿದ್ದು ಯಾರು? ನಾನು. ಇಷ್ಟೆಲ್ಲ ಗೊತ್ತಿದ್ದ ಮಹಾ ಪಂಡಿತ. ಅರ್ಧ ಲೀಟರ್ ಹಾಲು ತಣ್ಣಗೆ ಉಳಿಯಿತು, ಮೊಟ್ಟೆಯೂ ತಣ್ಣಗಾಯಿತು.

ಕರೆಂಟಿನ ಸೆಕ್ಷನ್ ಆಫೀಸಿಗೆ ರಾತ್ರಿ ನಾಲ್ಕು ಸಲ ಫೋನ್. ಮೂರು ಸಲ ಎಂಗೇಜ್, ನಾಲ್ಕನೆಯ ಸಲ ಮಲಯಾಳದಲ್ಲಿ "ಇಪ್ಪ ವರುಂ", ಈಗ ಬರ್ತದೆ ಅಂತ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ರಬ್ಬರ್ ತೋಟದ ಒಳಗೆ ಲೈನ್ ಎಳೆದ ಮೇಲೆ ಗೆಲ್ಲು ಬೀಳದೆ ಇರ್ತದಾ? ಲೈನ್‌ಮ್ಯಾನ್ ಆ ಮಳೆಯಲ್ಲಿ ಕಂಬ ಹತ್ತಬೇಕು, ಅವರನ್ನು ಬೈದು ಏನು ಪ್ರಯೋಜನ. ಆದರೆ ಗೆಲ್ಲು ಕಡಿಯುವುದು ಮಳೆಗೆ ಮೊದಲಾ, ನಂತರವಾ? ಯಾರಾದರೂ ಉತ್ತರ ಕೊಡಿ! ಕರೆಂಟು ಬಂದ ಮೇಲೂ 180 ವೋಲ್ಟ್. 150ರ ಹೀಟರ್ ಅದರಲ್ಲಿ 92 ವಾಟ್ ಮಾತ್ರ ಕೊಡ್ತದೆ.

ಮತ್ತೆ "ಕಂಬಳಿ ಹೊದಿಸಬೇಕಿತ್ತು" ಅಂತ ಬುದ್ಧಿ ಹೇಳುವವರು. ಎಷ್ಟನೇ ದಿನ ಅಂತ ಕೇಳಿ ಹೇಳಿ! ಮೊದಲ ವಾರ ಸರಿ: ಬಾಗಿಲು ತೆಗೆಯಬೇಡಿ, ಹೊದಿಸಿ, ಎರಡು ಲೀಟರಿನ ಬಾಟಲಿಗಳಲ್ಲಿ 50 ಡಿಗ್ರಿಯ ನೀರು ತುಂಬಿ ಮೊಟ್ಟೆಗೆ ತಾಗದ ಹಾಗೆ ಕೆಳಗೆ ಇಡಿ. 40ಕ್ಕೆ ಇಳಿಯುವಾಗ ಒಂದು ಬಾಟಲಿ 23 ವಾಟ್-ಅವರ್ ಬಿಸಿ ಕೊಡ್ತದೆ, ನಾಲ್ಕು ಇಟ್ಟರೆ ಒಂದು ಗಂಟೆಗಿಂತ ಹೆಚ್ಚು ದಾಟಬಹುದು. ಹತ್ತೊಂಬತ್ತನೇ ದಿನಕ್ಕೆ ಮರಿಗೆ ತನ್ನದೇ ಬಿಸಿ ಉಂಟು, ಅದಕ್ಕೆ ಬೇಕಾದದ್ದು ಉಸಿರು. ಫ್ಯಾನು ನಿಂತ ಪೆಟ್ಟಿಗೆಯ ತೂತಿಗೆ ಕಂಬಳಿ ಮುಚ್ಚಿದರೆ ಉಸಿರು ಕಟ್ಟಿಯೇ ಸಾಯ್ತದೆ. ತಣ್ಣಗಾದರೆ ಒಂದು ದಿನ ತಡವಾಗಿಯಾದರೂ ಒಡೆದೀತು, 40 ದಾಟಿದರೆ ಮುಗೀತು.

ಇನ್ವರ್ಟರೇ ಬೇಡ. 12 ವೋಲ್ಟಿನ 100 ವಾಟ್ ಹೀಟರ್, 12 ವೋಲ್ಟಿನ ಚಿಕ್ಕ ಫ್ಯಾನು, ನೇರ ಬ್ಯಾಟರಿಯಿಂದ. ಹೀಟರ್ ಸರಾಸರಿ 75 ವಾಟ್ ಎಳೆದರೆ ಅದೇ ಬ್ಯಾಟರಿ ಹನ್ನೆರಡು ಗಂಟೆ ಬರ್ತದೆ. 230 ವೋಲ್ಟ್ ಕಾಯಿಲಿನ ಒಂದು ರಿಲೇ (ಕರೆಂಟಿನಿಂದ ತಾನೇ ತಿರುಗುವ ಸ್ವಿಚ್ಚು) ಹಾಕಿದರೆ ಕರೆಂಟು ಹೋದ ಕೂಡಲೇ ತಾನೇ ಬ್ಯಾಟರಿಗೆ ಬದಲಾಗ್ತದೆ. ಎಳೆಯುವುದು 8.3 ಆಂಪಿಯರ್, ಹಾಗಾಗಿ 2.5 ಚದರ ಮಿ.ಮೀ. ವಯರ್, ಬ್ಯಾಟರಿಯ ಬುಡದಲ್ಲೇ 15 ಆಂಪಿಯರ್ ಫ್ಯೂಸ್. ಬಿಸಿ ನೋಡಿ ಹೀಟರ್ ಆನ್-ಆಫ್ ಮಾಡುವ ಥರ್ಮೊಸ್ಟ್ಯಾಟ್ ಬೋರ್ಡಿನ ಚಿಕ್ಕ ರಿಲೇಯನ್ನು ನಂಬಬೇಡಿ, ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಹೀಟರ್ ಆಫ್ ಆಗುವುದೇ ಇಲ್ಲ, ಬೆಳಿಗ್ಗೆ ಬೇಯಿಸಿದ ಮೊಟ್ಟೆ. ಕಾರಿನ 30 ಆಂಪಿಯರ್ ರಿಲೇ ಬೇಕು, ಮೇಲಿಂದ 38.5ಕ್ಕೆ ಕಟ್ ಆಗುವ ಇನ್ನೊಂದು ಥರ್ಮೊಸ್ಟ್ಯಾಟ್.

ಆ ರಿಲೇ ಪೇಟೆಯಲ್ಲಿ ಸಿಗುವುದು ಒಂದೇ ಅಂಗಡಿಯಲ್ಲಿ. ಯಾವ ಅಂಗಡಿ ಅಂತ ಬೇರೆ ಹೇಳಬೇಕಾ? ನಾಳೆ ಹೋಗ್ತೇನೆ. ಆ ಚಾಯದ ಜನ ಅಲ್ಲಿ ಇರದಿದ್ದರೆ ಸಾಕು.