ರೋಗ ಬಡಿದ ಮರ

ಕಳೆದ ಸೆಪ್ಟೆಂಬರ್‌ನಲ್ಲಿ ಅಮ್ಮ ಮಂಡ್ಯದಿಂದ ಟೊರಾಂಟೊಗೆ ಬಂದಿದ್ದರು. ನಯಾಗರಾ ನೋಡಿ, "ನೀರು ಜಾಸ್ತಿ, ಅಷ್ಟೇ" ಅಂದುಬಿಟ್ಟರು. ಮರ್ಯಾದೆ ಪ್ರಶ್ನೆ. ಮೊನಾರ್ಕ್ ಚಿಟ್ಟೆಗಳ ಹಿಂಡನ್ನಾದರೂ ತೋರಿಸೋಣ ಅಂತ ಪಾಯಿಂಟ್ ಪೀಲಿಗೆ ಕಾರು ಹೊರಡಿಸಿದೆ. ಕೆನಡಾದ ನೆಲ ದಕ್ಷಿಣಕ್ಕೆ ಚೂಪಾಗಿ ಈರಿ ಸರೋವರದೊಳಗೆ ಚಾಚಿಕೊಂಡಿರುವ ಜಾಗ ಅದು. ನಾಲ್ಕು ಗಂಟೆ ದಾರಿ.

ದಾರಿಯುದ್ದಕ್ಕೂ ನನ್ನ ಭಾಷಣ. ತೂಕ ಅರ್ಧ ಗ್ರಾಂ, ಹಾರೋದು ಮೆಕ್ಸಿಕೊ ಬೆಟ್ಟಗಳವರೆಗೆ, 3,000 ಕಿಲೋಮೀಟರಿಗೂ ಹೆಚ್ಚು. ಮರಿ ತಿನ್ನೋದು ನಮ್ಮ ಎಕ್ಕದ ಬಳಗದ ಗಿಡ ಮಾತ್ರ. ಅದರ ಹಾಲಿನ ವಿಷ ಮೈಗೂಡಿರೋದರಿಂದ ಹಕ್ಕಿಗಳು ಸಾಮಾನ್ಯವಾಗಿ ತಂಟೆಗೆ ಬರಲ್ಲ.

"ಹನುಮಂತನಿಗೆ ಹಾರ ಹಾಕೋ ಎಕ್ಕಾನಾ?" ಅಮ್ಮನಿಗೆ ಹಿಡಿಸಿದ್ದು ಅದೊಂದೇ.

ತಲುಪಿದಾಗ ಸಂಜೆ ಆರೂವರೆ. ಮೋಡ, ಚಳಿ, ಸರೋವರದ ಕಡೆಯಿಂದ ಮುಖಕ್ಕೇ ಹೊಡೆಯುವ ಗಾಳಿ. ಕತ್ತು ನೋಯುವಷ್ಟು ಆಕಾಶ ನೋಡಿದೆ. ಚಿಟ್ಟೆ ಅಂದಮೇಲೆ ಹಾರಬೇಕು, ಅಲ್ವಾ? ಒಂದೂ ಇಲ್ಲ. ಅಮ್ಮ ಮರದ ಕೆಳಗೆ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದರು.

"ಲೋ, ಈ ಮರಕ್ಕೆ ಏನೋ ರೋಗ ಬಡಿದಿದೆ ಕಣೋ. ಎಲೆಯೆಲ್ಲ ಒಣಗಿ ಗೊಂಚಲು ಗೊಂಚಲಾಗಿ ಜೋತುಬಿದ್ದಿದೆ."

"ರೋಗ ಅಲ್ಲಮ್ಮ, ಇಲ್ಲಿ ಎಲೆ ಉದುರೋ ಕಾಲ." ಹನ್ನೆರಡು ವರ್ಷ ಕೆನಡಾದಲ್ಲಿದ್ದವನ ಗತ್ತು ನೋಡಿ.

ಬಂದಿದ್ದಕ್ಕೆ ಸಾಕ್ಷಿಗೆ ಅದೇ ಮರದ ಕೆಳಗೆ ಅಮ್ಮನ ಫೋಟೊ ತೆಗೆದು, ಮುಖ ಊದಿಸಿಕೊಂಡು ವಾಪಸ್ ಬಂದೆ.

ಮರುದಿನ ಫೋಟೊ ನೋಡಿದ ತಂಗಿ ಮೈಸೂರಿನಿಂದ ಫೋನ್ ಮಾಡಿದಳು. "ಅಣ್ಣಾ, ಎಲೆಗಳಿಗೆ ಕಾಲಿದೆಯಲ್ಲೋ!"

ಹಿಗ್ಗಿಸಿ ನೋಡಿದೆ. ಕಾಲಷ್ಟೇ ಅಲ್ಲ, ಮೀಸೆಯೂ ಇತ್ತು. ಆಮೇಲೆ ಓದಿ ತಿಳಿದದ್ದು: ಸಂಜೆಯಾದರೆ ಇವು ಒಂದೇ ಮರಕ್ಕೆ ಗುಂಪಾಗಿ ಬಂದು, ರೆಕ್ಕೆ ಮಡಚಿ ನೇತಾಡುತ್ತವೆ. ಮಡಚಿದರೆ ಕಾಣೋದು ಮಂಕಾದ ಹಿಂಬದಿ. ಚಳಿಯಲ್ಲಿ ಹಾರಲು ಮೈ ಬಗ್ಗಲ್ಲ. ಎದುರುಗಾಳಿ ಇದ್ದರೆ ಸರೋವರ ದಾಟದೆ ಅಲ್ಲೇ ಕಾಯುತ್ತವೆ. ಅಂದರೆ ಅಮ್ಮ ಪುಳಿಯೋಗರೆ ತಿಂದದ್ದು ನೂರಾರು ಚಿಟ್ಟೆಗಳ ಕೆಳಗೆ. ನಾನು ನೋಡಿದ್ದು ಮೋಡ.

ಮುಂದಿನ ಶನಿವಾರ ಮತ್ತೆ ನಾಲ್ಕು ಗಂಟೆ ಕಾರು. ಈ ಸಲ ಬೈನಾಕ್ಯುಲರ್ ಬೇರೆ. ಆದರೆ ಹಿಂದಿನ ಎರಡು ದಿನ ಬಡಗಣ ಗಾಳಿ ಚೆನ್ನಾಗಿ ಬೀಸಿತ್ತು. ಅದಕ್ಕೇ ಕಾಯುತ್ತಿದ್ದವು, ಹೊರಟುಹೋಗಿದ್ದವು. ಮರ ಹಚ್ಚಗೆ ನಿಂತಿತ್ತು, ಒಂದು ಒಣ ಎಲೆಯೂ ಇಲ್ಲ.

ಅಮ್ಮ ಕತ್ತೆತ್ತಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದರು.

"ವಾಸಿಯಾಗಿದೆ ನೋಡು."