ನೆಕ್ಸ್ಟ್ ಒತ್ತಿದ್ದೆಲ್ಲ ಪಾಠವಲ್ಲ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಬರೆದು ಇಳಿಸದೆ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಹಾಸನದಲ್ಲೇ ಒಂದು ಸಂಸ್ಥೆಯವರು ಇವತ್ತು ಕರೆದಿದ್ದರು. ಹೆಸರು ಬೇಡ. ಪಿಯು ಮಕ್ಕಳಿಗೆ ಆನ್‌ಲೈನ್ ಕೋರ್ಸ್ ಮಾಡಿದ್ದೀವಿ, ಬಿಡುಗಡೆಗೆ ಮುಂಚೆ ನೀವೊಂದು ಸಲ ನೋಡಿಬಿಡಿ ಮೇಡಂ ಅಂದಿದ್ದರು. ಕಾಫಿ ಕೊಟ್ಟರು, ಲ್ಯಾಪ್‌ಟಾಪ್ ತೆರೆದರು. ನ್ಯೂಟನ್ನನ ಚಲನೆಯ ನಿಯಮಗಳು. ಒಟ್ಟು 86 ಸ್ಲೈಡು. ಪ್ರತಿ ಸ್ಲೈಡಿನಲ್ಲೂ ಪಠ್ಯಪುಸ್ತಕದಿಂದ ಎತ್ತಿದ ಸಾಲುಗಳು, ಅದೇ ಸಾಲುಗಳನ್ನು ಓದಿ ಹೇಳುವ ಒಂದು ದನಿ, ಹಿಂದೆ ಮ್ಯೂಸಿಕ್ಕು, ಮೂಲೆಯಲ್ಲಿ ಕೈ ಬೀಸುತ್ತಾ ನಿಂತ ಕಾರ್ಟೂನ್ ಹುಡುಗ. ಕೆಳಗೆ ನೆಕ್ಸ್ಟ್ ಬಟನ್.

"ಪೂರ್ತಿ ಇಂಟರಾಕ್ಟಿವ್ ಮೇಡಂ. ಹುಡುಗರು ಕ್ಲಿಕ್ ಮಾಡದೆ ಮುಂದಕ್ಕೇ ಹೋಗೋಕಾಗಲ್ಲ."

ನಾನು ಮೌಸ್ ತಗೊಂಡೆ. ಒಂದಕ್ಷರ ಓದದೆ ನೆಕ್ಸ್ಟ್ ಒತ್ತುತ್ತಾ ಹೋದೆ. ನಾಲ್ಕು ನಿಮಿಷ ಹಿಡೀಲಿಲ್ಲ, ಪರದೆ ಮೇಲೆ ಅಭಿನಂದನೆ ಬಂತು, ಜೊತೆಗೆ ನನ್ನ ಹೆಸರಿನ ಸರ್ಟಿಫಿಕೇಟು. ಅದನ್ನು ಅವರ ಕಡೆ ತಿರುಗಿಸಿ ತೋರಿಸಿದೆ. "ಮಕ್ಕಳು ಹಂಗೆ ಮಾಡಲ್ಲ ಮೇಡಂ" ಅಂದರು.

ಮಾಡ್ತಾರೆ. ಹೋದ ಭಾನುವಾರ ಕಣ್ಣಾರೆ ಕಂಡಿದ್ದೀನಿ.

ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಈಗ ಫಸ್ಟ್ ಪಿಯು. ಅವನಿಗೆ ಒಂದು ಆನ್‌ಲೈನ್ ಕೋಚಿಂಗ್ ಹಾಕಿಸಿದ್ದಾರೆ, ಅಕ್ಕ ಭಾವ ಎಷ್ಟು ಕಷ್ಟಪಟ್ಟು ದುಡ್ಡು ಹೊಂದಿಸಿದ್ದಾರೆ ಅಂತ ನನಗೆ ಗೊತ್ತು. ಹುಡುಗ ಒಂದು ಗಂಟೆ ಐವತ್ತು ನಿಮಿಷದ ವಿಡಿಯೊವನ್ನು ಎರಡರಷ್ಟು ವೇಗದಲ್ಲಿ ಓಡಿಸಿಕೊಂಡು, ಇನ್ನೊಂದು ಕೈಯಲ್ಲಿ ಗೆಳೆಯರಿಗೆ ಮೆಸೇಜ್ ಕಳಿಸ್ತಾ ಕೂತಿದ್ದ. ಕೊನೆಗೆ ಹಸಿರು ಟಿಕ್ ಬಿತ್ತು. "ಚಾಪ್ಟರ್ ಮುಗೀತು ಚಿಕ್ಕಮ್ಮ" ಅಂತ ಎದ್ದ.

ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ನೇರ ಮೇಲಕ್ಕೆ ಎಸೆದು ಹಿಡಿದೆ. "ತುತ್ತತುದಿಗೆ ಹೋಗಿ ಇನ್ನೇನು ತಿರುಗಬೇಕು ಅನ್ನೋ ಗಳಿಗೆ ಇದೆಯಲ್ಲ, ಅಲ್ಲಿ ಅದರ ವೇಗ ಎಷ್ಟೋ?"

"ಸೊನ್ನೆ."

"ಆ್ಯಕ್ಸಿಲರೇಶನ್? ವೇಗ ಬದಲಾಗುವ ದರ?"

"ಅದೂ ಸೊನ್ನೆ. ನಿಂತೋಯ್ತಲ್ಲ."

"ಎರಡೂ ಸೊನ್ನೆ ಆದ್ರೆ ನಿಂಬೆಹಣ್ಣು ಅಲ್ಲೇ ತೂಗ್ತಾ ಇರಬೇಕಲ್ವೇನೋ? ಯಾಕೆ ಕೆಳಗೆ ಬಂತು?"

ಹುಡುಗ ಸುಮ್ಮನಾದ. ನಿಂಬೆಹಣ್ಣು ಕಿತ್ತುಕೊಂಡು ತಾನೇ ಎರಡು ಸಲ ಎಸೆದ. ಮೇಲೆ ಹೋಗುವಾಗ, ತುದಿಯಲ್ಲಿ, ಕೆಳಗೆ ಬರುವಾಗ, ಮೂರೂ ಕಡೆ ಭೂಮಿ ಒಂದೇ ಸಮ ಎಳೀತಿದೆ, ಆ ಎಳೆತದ ಆ್ಯಕ್ಸಿಲರೇಶನ್ 9.8 ಅನ್ನೋದು ಎಲ್ಲೂ ರಜ ತಗೊಳ್ಳಲ್ಲ ಅನ್ನೋದು ಅವನ ಮುಖದ ಮೇಲೆ ಬಂದು ಹೋದದ್ದನ್ನು ನೋಡಿದೆ. ಈ ಮಾತನ್ನು ಆ ವಿಡಿಯೊದಲ್ಲಿ ಹೇಳಿರಲಿಲ್ವಾ ಅಂತ ಹಿಂದಕ್ಕೆ ಓಡಿಸಿ ನೋಡಿದೆ. ಚೆನ್ನಾಗೇ ಹೇಳಿದ್ದರು, ಚಿತ್ರ ಬರೆದು ಹೇಳಿದ್ದರು. ಮೇಷ್ಟ್ರ ತಪ್ಪು ಏನೂ ಇಲ್ಲ. ಹುಡುಗನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ನನ್ನ ಸಿಟ್ಟೆಲ್ಲ ಇರೋದು ಇಲ್ಲೇ. ಒಂದು ಗಂಟೆ ಐವತ್ತು ನಿಮಿಷದಲ್ಲಿ ಒಂದೇ ಒಂದು ಸಲ ಅವನನ್ನು ನಿಲ್ಲಿಸಿ "ನಿನಗೇನು ಅನ್ನಿಸುತ್ತೆ" ಅಂತ ಕೇಳಲಿಲ್ಲ. ಡೆರೆಕ್ ಮುಲ್ಲರ್ ಅನ್ನುವವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಮುಗಿಸಿದ ಪಿಎಚ್‌ಡಿ ಇದೇ ವಿಷಯದ ಮೇಲಿನದು. ಭೌತಶಾಸ್ತ್ರವನ್ನು ನೇರವಾಗಿ, ಸ್ವಚ್ಛವಾಗಿ ವಿವರಿಸುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ಬಹಳ ಚೆನ್ನಾಗಿ ಅರ್ಥವಾಯ್ತು ಅಂದರು. ಪರೀಕ್ಷೆ ಇಟ್ಟರೆ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತಪ್ಪು ತಿಳಿವಳಿಕೆಯನ್ನೇ ಮೊದಲು ಮುಂದಿಟ್ಟು ಅದರ ಜೊತೆ ಜಗ್ಗಾಡಿದ ವಿಡಿಯೊ ನೋಡಿದವರು ಗೊಂದಲ ಆಯ್ತು ಅಂದರು, ಆದರೆ ಅಂಕ ಏರಿತು. ಹುಡುಗನ ತಲೆಯಲ್ಲಿ ಮೊದಲೇ ಒಂದು ಉತ್ತರ ಕೂತಿರುತ್ತೆ. ಅದನ್ನು ಹೊರಗೆ ಎಳೆಯದೆ ಸರಿ ಉತ್ತರವನ್ನು ಎಷ್ಟು ಸುರಿದರೂ ಕೆಸುವಿನೆಲೆ ಮೇಲಿನ ನೀರೇ.

ಈಗ ಒಂದು ವಿಷಯ ಹೇಳಬೇಕು. ನನ್ನ ಹಳೆಯ ಸ್ನೇಹಿತರಿಗೂ ಹೇಳಿಲ್ಲ.

2020ರಲ್ಲಿ ಕಾಲೇಜು ಬಾಗಿಲು ಹಾಕಿದಾಗ ನಾನೂ ಮನೆಯ ಗೋಡೆಗೆ ಬೋರ್ಡ್ ನೇತುಹಾಕಿ ಪಾಠ ರೆಕಾರ್ಡ್ ಮಾಡಿದೆ. 48 ವಿಡಿಯೊ, ಒಂದೊಂದೂ ಮುಕ್ಕಾಲು ಗಂಟೆ. ರಾತ್ರಿಯೆಲ್ಲ ಕೂತು ಮಾಡಿದ್ದೆ, ಹೆಮ್ಮೆಯೂ ಇತ್ತು. ಮುಂದಿನ ವರ್ಷ ಸೆಕೆಂಡ್ ಪಿಯು ಪರೀಕ್ಷೆ ರದ್ದಾಗಿ, ಸಿಇಟಿ ಮೂಲಕ ಸಿಗುವ ಎಂಜಿನಿಯರಿಂಗ್ ಸೀಟಿಗೆ ಆ ಪರೀಕ್ಷೆಯ ಅಂಕವೊಂದೇ ಲೆಕ್ಕ ಅಂತಾಯ್ತಲ್ಲ, ಆ ಆಗಸ್ಟಿನಲ್ಲಿ ಆಲೂರಿನ ಕಡೆಯ ಒಬ್ಬಳು ಹುಡುಗಿ ಪರೀಕ್ಷೆ ಮುಗಿಸಿ ಸಂಜೆ ಫೋನ್ ಮಾಡಿದಳು. "ಮಿಸ್, ನಿಮ್ಮ ಎಲ್ಲಾ ವಿಡಿಯೊ ಮೂರು ಮೂರು ಸಲ ನೋಡಿದ್ದೆ. ನೀವು ಹೇಳುವಾಗ ಎಲ್ಲ ಗೊತ್ತಾಗ್ತಿತ್ತು. ಪೇಪರ್ ಬಿಡಿಸಿದ್ರೆ ಏನೂ ಬರ್ಲಿಲ್ಲ ಮಿಸ್." ಅವಳು ಅಳಲಿಲ್ಲ. ನನಗೇ ಫೋನ್ ಇಟ್ಟ ಮೇಲೆ ತಡೆಯಲಾಗಲಿಲ್ಲ. ಮೂರು ಸಲ ನೋಡು ಅಂತ ಹೇಳಿದ್ದವಳು ನಾನೇ.

ಆಮೇಲೆ ಓದೋಕೆ ಶುರು ಮಾಡಿದೆ. ಮೊದಲು ಸಿಕ್ಕಿದ್ದೇ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪು ಒಂದು ಗದ್ಯವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ನೋಡಿದರೆ ಓದಿದವರೇ ಮುಂದು, ಶೇ. 83, ಬರೆದವರದು ಶೇ. 71. ಒಂದು ವಾರ ಬಿಟ್ಟು ನೋಡಿದರೆ ಓದಿದವರು ಶೇ. 40ಕ್ಕೆ ಇಳಿದಿದ್ದರು, ಬರೆದವರು ಶೇ. 61ರಲ್ಲಿ ನಿಂತಿದ್ದರು. ಆಲೂರಿನ ಹುಡುಗಿ ಮೊದಲನೇ ಗುಂಪಿನವಳು. ಅವಳನ್ನು ಅಲ್ಲಿ ಕೂರಿಸಿದ್ದು ನಾನು. ಇವತ್ತು 86 ಸ್ಲೈಡು ನೋಡಿದಾಗ ಕಣ್ಣ ಮುಂದೆ ಬಂದದ್ದು ಅವಳೇ.

"ಹಂಗಾದ್ರೆ ಚಿಕ್ಕ ಚಿಕ್ಕ ವಿಡಿಯೊ ಮಾಡಿಬಿಡ್ತೀವಿ ಮೇಡಂ, ಆರಾರು ನಿಮಿಷ" ಅಂದರು ಇವತ್ತು. ಈ ಆರು ನಿಮಿಷದ ಲೆಕ್ಕ ಎಲ್ಲರ ಬಾಯಲ್ಲೂ ಓಡಾಡ್ತಿದೆ. ಅದು ಬಂದದ್ದು 2014ರ ಒಂದು ಅಧ್ಯಯನದಿಂದ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆಯ ತಾಣದ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಜಾಲಾಡಿದಾಗ, ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ಒಂದೇ ಸಲಕ್ಕೆ ನೋಡುವುದು ಆರು ನಿಮಿಷದೊಳಗೆ ಮುಗಿಯುತ್ತೆ ಅಂತ ಗೊತ್ತಾಯ್ತು. ಸರಿ. ಆದರೆ ಒಂದು ಗಂಟೆಯ ಪಾಠವನ್ನು ಕುಂಬಳಕಾಯಿ ಹೋಳು ಮಾಡಿದ ಹಾಗೆ ಹತ್ತು ತುಂಡು ಮಾಡಿದರೆ ಹುಡುಗ ಹತ್ತು ಸಲ ಸುಮ್ಮನೆ ನೋಡ್ತಾನೆ. ತುಂಡಿಗೂ ತುಂಡಿಗೂ ನಡುವೆ ಅವನು ಏನು ಮಾಡ್ತಾನೆ? ಅದನ್ನು ಹೇಳಿ ನನಗೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತಲ್ಲ. ದುಡ್ಡು ಸುರಿದು ಸ್ಟುಡಿಯೊದಲ್ಲಿ ತೆಗೆದ ವಿಡಿಯೊಗಿಂತ, ಮೇಷ್ಟ್ರು ತಮ್ಮ ಮೇಜಿನ ಮುಂದೆ ಕೂತು ಆತ್ಮೀಯವಾಗಿ ಮಾತಾಡಿದ್ದನ್ನೇ ಜನ ಹೆಚ್ಚು ಹೊತ್ತು ನೋಡಿದ್ದರು. ಪರದೆ ಮೇಲಿನ ಸಾಲನ್ನೇ ದನಿಯಲ್ಲೂ ಓದಿದರೆ ಕಲಿಕೆಗೆ ತೊಡಕಾಗುತ್ತೆ ಅಂತ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದಾರೆ, ಹಿನ್ನೆಲೆಯ ಮ್ಯೂಸಿಕ್ಕೂ ಹಾಗೇ. ಕೈ ಬೀಸುವ ಕಾರ್ಟೂನಿಗೆ ಕೊಟ್ಟ ದುಡ್ಡಿನಲ್ಲಿ ಹತ್ತು ಒಳ್ಳೆಯ ಪ್ರಶ್ನೆ ಬರೆಸಬಹುದಿತ್ತು.

ಒಳ್ಳೆಯ ಪ್ರಶ್ನೆ ಅಂದೆ. ಚಾರ್ಮಾಡಿ ಘಾಟಿಯದೊಂದು ಪಾಠ ಮಾಡಿದ್ದೀನಿ, ಅದನ್ನೇ ಹೇಳ್ತೀನಿ. ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವ ಬಸ್ಸಿನಲ್ಲಿ ನಿಂತು ತೆಗೆದ ನಲವತ್ತು ಸೆಕೆಂಡಿನ ವಿಡಿಯೊ. ಬಸ್ಸು ಎಡಕ್ಕೆ ತಿರುಗುತ್ತೆ, ಕಂಬಿ ಹಿಡಿದು ನಿಂತವರೆಲ್ಲ ಬಲಕ್ಕೆ ವಾಲ್ತಾರೆ. ವಿಡಿಯೊ ನಿಲ್ಲುತ್ತೆ. ಅವರನ್ನು ಬಲಕ್ಕೆ ತಳ್ಳಿದ್ದು ಯಾರು? ಉತ್ತರ ಒತ್ತದೆ ಮುಂದಕ್ಕೆ ಹೋಗೋಕಾಗಲ್ಲ, ಯಾಕೆ ಅಂತ ಒಂದು ಸಾಲು ಬರೀಲೇಬೇಕು. 'ಹೊರಕ್ಕೆ ತಳ್ಳುವ ಬಲ' ಅಂತ ಒತ್ತಿದವನಿಗೆ ತಪ್ಪು ಅನ್ನೋ ಕೆಂಪು ಗುರುತು ಬರಲ್ಲ. ಅವನು ಬೇರೆ ಪುಟಕ್ಕೆ ಹೋಗ್ತಾನೆ. ಅಲ್ಲಿ ಅದೇ ತಿರುವನ್ನು ಮೇಲಿನಿಂದ ನೋಡಿದ ಹಾಗೆ ಬರೆದ ಚಿತ್ರ ಇದೆ. ಪ್ರಯಾಣಿಕ ನೇರ ಹೋಗಬೇಕಿದ್ದ ಗೆರೆಯನ್ನು ಬೆರಳಲ್ಲಿ ಎಳಿ, ಬಸ್ಸು ಹೋದ ಗೆರೆಯನ್ನೂ ಎಳಿ ಅಂತ ಕೇಳಿದ್ದೀನಿ. ಎರಡು ಗೆರೆ ಎಳೆದ ಹುಡುಗನಿಗೆ ತಾನಾಗೇ ಕಾಣುತ್ತೆ: ಯಾರೂ ತಳ್ಳಿಲ್ಲ, ಮೈ ನೇರ ಹೊರಟಿದೆ, ಅದರಡಿಯಿಂದ ಬಸ್ಸು ಎಡಕ್ಕೆ ಜಾರಿದೆ. ಮೂರು ದಿನ ಬಿಟ್ಟು ಅದೇ ಪ್ರಶ್ನೆ, ಈ ಸಲ ಬಲಕ್ಕೆ ತಿರುಗುವ ಆಟೊದಲ್ಲಿ, ಮತ್ತೆ ಬರುತ್ತೆ. ಮರೆವು ಮೊದಲ ದಿನಗಳಲ್ಲೇ ಜೋರು ಅನ್ನೋದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದಿಟ್ಟಿದ್ದಾನೆ.

ಇಷ್ಟಕ್ಕೆ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ತಪ್ಪು ಉತ್ತರ ಹುಡುಕೋದಕ್ಕೇ ಹೋಯ್ತು. ತಪ್ಪು ಉತ್ತರಗಳನ್ನು ನಾನು ಕೂತು ಹುಟ್ಟಿಸಲ್ಲ. ಹದಿನಾಲ್ಕು ವರ್ಷ ಪೇಪರ್ ತಿದ್ದಿದ್ದರಲ್ಲಿ ಮಕ್ಕಳು ನಿಜವಾಗಿ ಬರೆದ ತಪ್ಪುಗಳಿಂದ ಆರಿಸ್ತೀನಿ. ಯಾರೂ ಒತ್ತದ ಪೆದ್ದು ಆಯ್ಕೆಗಳನ್ನಿಟ್ಟರೆ ಆ ಪ್ರಶ್ನೆಯೂ ಇನ್ನೊಂದು ನೆಕ್ಸ್ಟ್ ಬಟನ್ನೇ.

ದೊಡ್ಡವರಿಗೆ ಕಲಿಸುವಾಗಲೂ ಇದೇ ಕಥೆ. ಚಿಕ್ಕಮಗಳೂರಿನ ಸುತ್ತ ಹೋಂಸ್ಟೇ ನಡೆಸುವ ಹನ್ನೊಂದು ಜನ ಹೆಂಗಸರಿಗೆ ಸಂಜೆ ಹೊತ್ತು ಫೋನಿನಲ್ಲೇ ಕೋಚಿಂಗ್ ಮಾಡ್ತೀನಿ ಅಂತ ನಿಮಗೆ ಗೊತ್ತು. ತೋಟದ ಕೆಲಸ, ಅಡುಗೆ, ಬಂದ ಗೆಸ್ಟು, ಎಲ್ಲ ಮುಗಿಸಿ ಬರೋರು. 'ಆತಿಥ್ಯ ಎಂದರೇನು' ಅಂತ ಶುರು ಮಾಡಿದರೆ ಅವರು ಯಾಕೆ ಕೂರಬೇಕು? ಮೊದಲ ಪಾಠದಲ್ಲಿ ಒಂದೇ ಮೆಸೇಜು: ರಾತ್ರಿ 9.40, ಹೊರಗೆ ಮಳೆ, ಬೆಂಗಳೂರಿನ ಗೆಸ್ಟು ಬರೀತಾರೆ, "ಕೈಮರದ ಹತ್ತಿರ ಇದ್ದೀವಿ, ಮ್ಯಾಪ್ ಓಡ್ತಿಲ್ಲ, ಮಕ್ಕಳು ಅಳ್ತಿದಾರೆ." ನೀವೇನು ಹೇಳ್ತೀರಿ, ಮೂವತ್ತು ಸೆಕೆಂಡಿನ ವಾಯ್ಸ್ ಕಳಿಸಿ.

ಎಂಟು ಜನ ಕೂಡಲೇ ದಾರಿ ಹೇಳೋಕೆ ಶುರು ಮಾಡಿದರು. ಎಡಕ್ಕೆ ತಗೊಳ್ಳಿ, ಆಲದ ಮರ ಸಿಗುತ್ತೆ, ಅಲ್ಲಿಂದ ಎರಡು ಕಿಲೋಮೀಟರ್. ಒಬ್ಬರೇ ಒಬ್ಬರು, ಅರವತ್ತು ದಾಟಿದ ಅಮ್ಮ, ಮೊದಲು ಕೇಳಿದ್ದು: "ನೀವು ಕೈಮರ ದಾಟಿದ್ದೀರೋ, ಇನ್ನೂ ಈಚೆ ಇದ್ದೀರೋ? ಹೆದರಬೇಡಿ, ನಿಮ್ಮ ಎದುರಿಗೆ ಏನು ಕಾಣ್ತಿದೆ ಹೇಳಿ." ಆ ವಾಯ್ಸನ್ನು ಗುಂಪಿಗೆ ಹಾಕಿದೆ. ನಾನು ಏನೂ ವಿವರಿಸಲಿಲ್ಲ. ಹತ್ತು ನಿಮಿಷದಲ್ಲಿ ಉಳಿದವರೆಲ್ಲ ತಾವಾಗೇ ಎರಡನೇ ಸಲ ಕಳಿಸಿದರು. ಆ ರಾತ್ರಿ ನನಗಾದ ಸಂತೋಷ ಯಾವ ಸಂಬಳದಲ್ಲೂ ಬಂದಿಲ್ಲ.

ಈಗ ಒಂದಿಷ್ಟು ಜನ ಹೇಳ್ತೀರಿ, ಮಲೆನಾಡಿನಲ್ಲಿ ನೆಟ್ ಎಲ್ಲಿದೆ, ಕರೆಂಟ್ ಎಲ್ಲಿದೆ, ಇದೆಲ್ಲ ಬೆಂಗಳೂರಿನವರಿಗೆ ಅಂತ. ಮಾರಾಯ್ರೆ, ನೆಟ್ ಇಲ್ಲದ ಕಡೆ ಓಡದೆ ಇರೋದು ಎರಡು ಗಂಟೆಯ ವಿಡಿಯೊ. ಒಂದು ನಿಮಿಷದ ವಾಯ್ಸು, ಒಂದು ಫೋಟೊ, ಒಂದು ಪ್ರಶ್ನೆ, ಇದು ಗುಡ್ಡದ ಮೇಲೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೂ ಬಂದು ಬೀಳುತ್ತೆ. ಆಟಿ ಮಳೆಯಲ್ಲಿ ಮೂಡಿಗೆರೆ, ಕೊಪ್ಪದ ಕಡೆ ದಿನಗಟ್ಟಲೆ ಕರೆಂಟ್ ಇರಲ್ಲ, ಅದಕ್ಕೇ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸಿಗ್ನಲ್ ಬಂದಾಗ ಫೋಟೊ ಕಳಿಸಿ ಅಂತೀನಿ. ಸಲಕರಣೆಗೂ ದುಡ್ಡು ಬೇಕಿಲ್ಲ. ಗೂಗಲ್ ಫಾರಂನಲ್ಲಿ ಉತ್ತರಕ್ಕೆ ತಕ್ಕ ಹಾಗೆ ಬೇರೆ ಬೇರೆ ಪುಟಕ್ಕೆ ಕಳಿಸಬಹುದು. ವಿಡಿಯೊ ನಡುವೆ ಪ್ರಶ್ನೆ ಸೇರಿಸೋಕೆ ಎಚ್‌ಫೈವ್‌ಪಿ ಇದೆ, ಕೋರ್ಸ್ ನಡೆಸೋಕೆ ಮೂಡಲ್ ಇದೆ, ಎರಡೂ ಮುಕ್ತ ತಂತ್ರಾಂಶಗಳು.

ಮಕ್ಕಳಿಗೆ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಸಾಕು, ಯೋಚನೆ ಮಾಡಿಸಿದ್ರೆ ಬಿಟ್ಟು ಹೋಗ್ತಾರೆ ಅಂತಲೂ ಇವತ್ತು ಅಂದರು. ಈಗ ಉಳಿದುಕೊಂಡಿದ್ದಾರಾ? ನೆಕ್ಸ್ಟ್ ಒತ್ತಿ ಓಡ್ತಿರೋರನ್ನು ಉಳಿದುಕೊಂಡವರು ಅನ್ನೋಕಾಗುತ್ತಾ? ಸಮಯ ಜಾಸ್ತಿ ಬೇಕು ಅನ್ನೋದನ್ನು ಮಾತ್ರ ಒಪ್ತೀನಿ. ಬೇಕು. ಅಕ್ಕನ ಹಾಗೆ ಚೀಟಿ ಎತ್ತಿ ಫೀಸ್ ಕಟ್ಟಿದವರಿಗೆ ಆ ಸಮಯ ಕೊಡಲೇಬೇಕು.

ಹೊರಡುವಾಗ ಹೇಳಿ ಬಂದಿದ್ದೀನಿ: 86 ಸ್ಲೈಡ್ ತೆಗೆದಿಡಿ, ಹನ್ನೆರಡು ಪ್ರಶ್ನೆಯಿಂದ ಶುರು ಮಾಡೋಣ, ದುಡ್ಡಿನ ಮಾತು ಆಮೇಲೆ. ಅವರು ಯೋಚನೆ ಮಾಡ್ತೀವಿ ಅಂದಿದ್ದಾರೆ. ಅವರು ಒಪ್ಪಿದರೂ ಬಿಟ್ಟರೂ ನಾನು ಬರೆಯೋಳೇ.

ಅದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು, ಕಡೂರು ಕಡೆ ಫಿಸಿಕ್ಸ್ ಕಲಿಸುವ ಸ್ನೇಹಿತರೇ, ತಿದ್ದಿ ಮೂಲೆಗೆ ಹಾಕಿದ ಟೆಸ್ಟ್ ಪೇಪರ್‌ಗಳನ್ನು ರದ್ದಿಗೆ ಹಾಕಬೇಡಿ. ಮಕ್ಕಳ ಹೆಸರಿರುವ ಮೇಲ್ಭಾಗ ಹರಿದುಹಾಕಿ ಕಟ್ಟಿಡಿ. ಅವರ ತಪ್ಪು ಉತ್ತರಗಳು ನನಗೆ ಬೇಕು. ಶನಿವಾರ ಸಂಜೆ ನಾನೇ ಬಂದು ತಗೊಂಡು ಹೋಗ್ತೀನಿ.